ಸಿ ಡ್ರೈವ್ ಕೆಂಪಾದಾಗ: ಮೊದಲು ಅಳೆಯಿರಿ, ಆಮೇಲೆ ಅಳಿಸಿ

ಅಕ್ಕ ತನ್ನ ಲ್ಯಾಪ್‌ಟಾಪನ್ನು ನನ್ನ ಮುಂದಿಟ್ಟು ಹೇಳಿದ್ದು ಇಷ್ಟೇ: "ಕಂಪನಿಯೋರು ಇದ್ರಲ್ಲಿ ಏನೇನೋ ತುಂಬಿಸಿ ಕೊಟ್ಬಿಟ್ಟಿದಾರೆ ಕಣೋ. ಅದನ್ನೆಲ್ಲ ಕಿತ್ತಾಕು, ಜಾಗ ಆಗತ್ತೆ." ಸಿ ಡ್ರೈವಿನ ಪಟ್ಟಿ ಕೆಂಪಾಗಿತ್ತು. 238 ಜಿಬಿಯಲ್ಲಿ ಉಳಿದಿದ್ದು 3 ಜಿಬಿ. ಅವಳು ಹೇಳಿದ ಹಾಗೇ ಒಂದು ಸಂಜೆ ಕೂತು ಕಂಪನಿ ತುಂಬಿಸಿದ್ದನ್ನೆಲ್ಲ ಕಿತ್ತೆ. ಹನ್ನೊಂದು ತಂತ್ರಾಂಶಗಳು ಹೋದವು. ಸಿಕ್ಕ ಜಾಗ 4 ಜಿಬಿಯೂ ಇಲ್ಲ.

ನುಂಗಿದ್ದು ಬೇರೆಯೇ ಇತ್ತು. ಪಿಕ್ಚರ್ಸ್ ಫೋಲ್ಡರಿನಲ್ಲಿ "ಫೋನ್", "ಫೋನ್ ಹೊಸದು", "ಫೋನ್ ಎಲ್ಲಾ ಫೈನಲ್" ಎಂಬ ಮೂರು ಫೋಲ್ಡರುಗಳು. ಪ್ರತಿ ಸಲ ಫೋನ್ ತುಂಬಿದಾಗ ಅದರಲ್ಲಿದ್ದುದನ್ನೆಲ್ಲ ಹೊಸದಾಗಿ ಕಾಪಿ ಮಾಡಿಟ್ಟಿದ್ದಳು. ಒಂದೇ ಮದುವೆಯ ಒಂದೇ ವಿಡಿಯೊ ಮೂರು ಕಡೆ. ಮೂರೂ ಸೇರಿ 57 ಜಿಬಿ.

ಜಾಗ ಸಾಲದಿರುವುದು ಒಂದು ಕಾಯಿಲೆ, ಬೇಡದ ತಂತ್ರಾಂಶ ತುಂಬಿರುವುದು ಇನ್ನೊಂದು. ಎರಡಕ್ಕೂ ಒಂದೇ ಮದ್ದು ಅಂತ ಹೊರಟರೆ ನನ್ನ ಹಾಗೆ ಒಂದು ಸಂಜೆ ಹಾಳಾಗುತ್ತದೆ. ಕಂಪನಿ ಹಾಕಿಕೊಟ್ಟ ತಂತ್ರಾಂಶ ಸಾಮಾನ್ಯವಾಗಿ ತಿನ್ನುವುದು ಡಿಸ್ಕನ್ನಲ್ಲ. ರ‍್ಯಾಮನ್ನು, ಆನ್ ಆಗುವ ಹೊತ್ತನ್ನು, ನಿಮ್ಮ ತಾಳ್ಮೆಯನ್ನು. ಅದಕ್ಕೇ ಎರಡನ್ನೂ ಬೇರೆ ಬೇರೆಯಾಗಿ ಹೇಳುತ್ತೇನೆ. ಮೆನುಗಳ ಹೆಸರು ವಿಂಡೋಸ್ 11ರದ್ದು. ವಿಂಡೋಸ್ 10ರಲ್ಲಿ ಅಲ್ಪಸ್ವಲ್ಪ ಬದಲಿರುತ್ತದೆ.

ಲೆಕ್ಕ ಮೊದಲು

"256 ಜಿಬಿ ಅಂತ ಬರೆದಿದ್ದಾರೆ, ಇಲ್ಲಿ 238 ತೋರಿಸುತ್ತಿದೆ, ಉಳಿದದ್ದು ಎಲ್ಲಿ ಹೋಯಿತು?" ಯಾರೂ ಕದ್ದಿಲ್ಲ. ಡಿಸ್ಕ್ ಮಾಡುವವರು ಒಂದು ಜಿಬಿ ಎಂದರೆ ನೂರು ಕೋಟಿ ಬೈಟ್ ಎಂದು ಎಣಿಸುತ್ತಾರೆ. ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಆದರೆ ಹೆಸರು ಮಾತ್ರ ಅದೇ ಜಿಬಿ ಎಂದು ಹಾಕುತ್ತದೆ. ಹಾಗಾಗಿ 512 ಎಂದದ್ದು 476 ಆಗಿ, 1 ಟಿಬಿ ಎಂದದ್ದು 931 ಜಿಬಿಯಾಗಿ ಕಾಣುತ್ತದೆ.

ಇದರೊಳಗೇ ವಿಂಡೋಸ್ ಕೂತಿರುತ್ತದೆ. ಅಪ್‌ಡೇಟ್‌ಗಳಿಗೆಂದು ಸುಮಾರು 7 ಜಿಬಿ ಕಾಯ್ದಿರಿಸಿಕೊಳ್ಳುವ ರೂಢಿ 2019ರ ವಿಂಡೋಸ್ 10 ಆವೃತ್ತಿಯಿಂದ ಬಂದಿದೆ. ಕಂಪ್ಯೂಟರ್ ಕೆಟ್ಟಾಗ ಎಬ್ಬಿಸಲು ಬೇಕಾದ ರಿಕವರಿ ಪಾರ್ಟಿಷನ್ ಎಂಬ ಡಿಸ್ಕಿನ ಭಾಗ ಬೇರೆ. ಇವನ್ನೆಲ್ಲ ಕಳೆದರೆ ನಿಜಕ್ಕೂ ನಿಮ್ಮ ಕೈಗೆ ಎಷ್ಟು ಸಿಗಬೇಕಿತ್ತು ಎನ್ನುವ ಅಂದಾಜು ಬರುತ್ತದೆ. ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್ಪುಗಳಿರುವ ಡಿಸ್ಕ್) ಇದ್ದರೆ ಶೇಕಡ 10ರಿಂದ 15ರಷ್ಟನ್ನಾದರೂ ಖಾಲಿ ಬಿಡಿ. ಕಂಠಪೂರ್ತಿ ತುಂಬಿದ ಎಸ್‌ಎಸ್‌ಡಿ ಹೊಸದನ್ನು ಬರೆಯುವ ಮೊದಲು ಹಳೆಯದನ್ನು ಅತ್ತಿತ್ತ ಸರಿಸಿ ಜಾಗ ಮಾಡಿಕೊಳ್ಳಬೇಕಾಗುತ್ತದೆ, ಹಾಗಾಗಿ ನಿಧಾನವಾಗುತ್ತದೆ.

ಎಲ್ಲಿ ಹೋಗಿದೆ ಎಂದು ನೋಡುವುದು

1. ವಿಂಡೋಸ್ ಕೀ ಜೊತೆ ಐ ಒತ್ತಿ ಸೆಟ್ಟಿಂಗ್ಸ್ ತೆರೆಯಿರಿ. ಸಿಸ್ಟಮ್, ಅದರೊಳಗೆ ಸ್ಟೋರೇಜ್. ಒಂದೆರಡು ನಿಮಿಷ ತಡೆದರೆ ಆ್ಯಪ್‌ಗಳು ಎಷ್ಟು, ತಾತ್ಕಾಲಿಕ ಫೈಲ್‌ಗಳು ಎಷ್ಟು, ಡಾಕ್ಯುಮೆಂಟ್ಸ್ ಎಷ್ಟು ಎಂದು ಪಟ್ಟಿ ಬರುತ್ತದೆ. "ಶೋ ಮೋರ್ ಕೆಟಗರೀಸ್" ಒತ್ತಿ ಪೂರ್ತಿ ನೋಡಿ.

2. ಈ ಪಟ್ಟಿಯಲ್ಲಿ "ಅದರ್" ಎಂಬ ಸಾಲು ದೊಡ್ಡದಾಗಿದ್ದರೆ ವಿಂಡೋಸ್‌ಗೂ ಅದೇನೆಂದು ವಿಂಗಡಿಸಲು ಆಗಿಲ್ಲ ಎಂದರ್ಥ. ಆಗ ವಿಜ್‌ಟ್ರೀ (WizTree) ಅಥವಾ ವಿನ್‌ಡರ್‌ಸ್ಟ್ಯಾಟ್ (WinDirStat) ಎಂಬ ಡಿಸ್ಕ್ ಅಳೆಯುವ ತಂತ್ರಾಂಶ ಹಾಕಿಕೊಳ್ಳಿ. ಎರಡೂ ಮನೆ ಬಳಕೆಗೆ ಉಚಿತ. ನನಗೆ ವಿಜ್‌ಟ್ರೀ ಇಷ್ಟ. ಅದು ಒಂದೊಂದೇ ಫೋಲ್ಡರಿನೊಳಗೆ ಇಣುಕುತ್ತ ಹೋಗುವುದಿಲ್ಲ. ಡಿಸ್ಕಿನಲ್ಲಿ ಎಲ್ಲ ಫೈಲ್‌ಗಳ ವಿವರ ಇರುವ ಮೂಲ ಪಟ್ಟಿಯನ್ನೇ ನೇರವಾಗಿ ಓದುತ್ತದೆ. ಹಾಗಾಗಿ ಕೆಲವೇ ಸೆಕೆಂಡಿನಲ್ಲಿ ಮುಗಿಸುತ್ತದೆ. ಮೂಲ ತಾಣದಿಂದಲೇ ಇಳಿಸಿಕೊಳ್ಳಿ, ಬಲಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ.

3. ತೆರೆಯ ಮೇಲೆ ಬಣ್ಣಬಣ್ಣದ ಚೌಕಗಳು ಮೂಡುತ್ತವೆ. ಚೌಕ ದೊಡ್ಡದಾದಷ್ಟೂ ಫೈಲ್ ದೊಡ್ಡದು. ಅತಿ ದೊಡ್ಡ ಹತ್ತು ಚೌಕಗಳ ಮೇಲೆ ಮೌಸ್ ಇಟ್ಟು ಹೆಸರು, ಜಾಗ ಎರಡನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಇನ್ನೂ ಏನನ್ನೂ ಅಳಿಸಬೇಡಿ.

ಬರೆದುಕೊಳ್ಳಿ ಎಂದದ್ದು ತಮಾಷೆಗಲ್ಲ. ಚೌಕ ಕಂಡ ತಕ್ಷಣ ಡಿಲೀಟ್ ಒತ್ತುವ ಚಟ ಒಂದು ಸಲ ಹತ್ತಿದರೆ ಬಿಡುವುದಿಲ್ಲ. ಮೊದಲು ಪಟ್ಟಿ, ಆಮೇಲೆ ಯಾವುದು ನನ್ನದು, ಯಾವುದು ವಿಂಡೋಸಿನದು, ಯಾವುದು ಯಾವ ತಂತ್ರಾಂಶ ಬಿಟ್ಟುಹೋದದ್ದು ಎಂಬ ವಿಂಗಡಣೆ. ಮನೆಯ ಕಂಪ್ಯೂಟರುಗಳಲ್ಲಿ ಹೆಚ್ಚಾಗಿ ಸಿಗುವ ಸಾಮಾನು ಇಂಥದ್ದು: ಡೌನ್‌ಲೋಡ್ಸ್‌ನಲ್ಲಿ ಹಳೆಯ ಇನ್‌ಸ್ಟಾಲರ್‌ಗಳು, ಅದರೊಳಗಿನ ಟೆಲಿಗ್ರಾಂ ಡೆಸ್ಕ್‌ಟಾಪ್ ಫೋಲ್ಡರಿನಲ್ಲಿ ಯಾರೋ ಕಳಿಸಿದ ಸಿನಿಮಾ, ವಿಡಿಯೊ ಎಡಿಟಿಂಗ್ ತಂತ್ರಾಂಶದ ಕ್ಯಾಶ್ (ಅದು ತನ್ನ ಅನುಕೂಲಕ್ಕೆ ಕೂಡಿಟ್ಟ ತಾತ್ಕಾಲಿಕ ಫೈಲ್‌ಗಳು), ಎಂದೋ ಆಡಿ ಬಿಟ್ಟ ಆಟ, ಐಟ್ಯೂನ್ಸ್ ಸದ್ದಿಲ್ಲದೆ ಮಾಡಿಟ್ಟ ಐಫೋನ್ ಬ್ಯಾಕಪ್. ಕೊನೆಯದು ಹೆಚ್ಚಾಗಿ ಆ್ಯಪ್‌ಡೇಟಾ ಎಂಬ ಅಡಗಿಸಿಟ್ಟ ಫೋಲ್ಡರಿನಲ್ಲಿ ಇರುವುದರಿಂದ ಬರಿಗಣ್ಣಿಗೆ ಬೀಳುವುದೇ ಇಲ್ಲ. ಅದನ್ನು ತೆಗೆಯುವುದಾದರೂ ಐಟ್ಯೂನ್ಸ್ ಒಳಗಿನಿಂದಲೇ ತೆಗೆಯಿರಿ.

ಅಳಿಸುವ ಮೊದಲು ಒಂದು ಮಾತು

ಹಳೆಯ ಹಾರ್ಡ್ ಡಿಸ್ಕಿನ ಕಾಲದಲ್ಲಿ ಅಳಿಸಿದ ಫೋಟೊವನ್ನು ರಿಕವರಿ ತಂತ್ರಾಂಶ ಹಾಕಿ ಮರಳಿ ತರಬಹುದಿತ್ತು. ಆ ಧೈರ್ಯ ಎಸ್‌ಎಸ್‌ಡಿಯ ಮುಂದೆ ಬೇಡ. ಅಲ್ಲಿ ಟ್ರಿಮ್ ಎಂಬ ಆಜ್ಞೆ ಇದೆ. ಫೈಲ್ ಅಳಿಸಿ ರಿಸೈಕಲ್ ಬಿನ್ ಖಾಲಿ ಮಾಡಿದರೆ "ಈ ಜಾಗ ಇನ್ನು ಬೇಡ" ಎಂದು ವಿಂಡೋಸ್ ಎಸ್‌ಎಸ್‌ಡಿಗೆ ತಿಳಿಸುತ್ತದೆ, ಅದು ತನ್ನ ಬಿಡುವಿನಲ್ಲಿ ಆ ಜಾಗವನ್ನು ಒರೆಸಿಯೇ ಬಿಡುತ್ತದೆ. ಆಮೇಲೆ ಯಾವ ತಂತ್ರಾಂಶವೂ ಕೈ ಹಿಡಿಯುವುದಿಲ್ಲ. ಆದ್ದರಿಂದ ಫೋಟೊ, ದಾಖಲೆಪತ್ರಗಳ ಒಂದು ಪ್ರತಿ ಹೊರಗಿನ ಡಿಸ್ಕಿನಲ್ಲಿ ಇದೆ ಎಂದು ಮೊದಲು ತೆರೆದು ನೋಡಿ. "ಕಾಪಿ ಮಾಡಿದ್ದೆ ಅನ್ಸತ್ತೆ" ಎಂಬ ಉತ್ತರ ನಡೆಯುವುದಿಲ್ಲ.

ಜಾಗ ಬಿಡಿಸುವ ಕೆಲಸ, ಸುಲಭದಿಂದ ಕಷ್ಟಕ್ಕೆ

ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್. ಇಲ್ಲಿ ಟಿಕ್ ಹಾಕುವ ಪಟ್ಟಿ ಇದೆ. ಹೆಚ್ಚಿನವಕ್ಕೆ ಕಣ್ಣು ಮುಚ್ಚಿ ಟಿಕ್ ಹಾಕಬಹುದು: ಅಪ್‌ಡೇಟ್ ಕ್ಲೀನಪ್, ಡೆಲಿವರಿ ಆಪ್ಟಿಮೈಸೇಶನ್, ಥಂಬ್‌ನೇಲ್ಸ್, ಟೆಂಪರರಿ ಫೈಲ್ಸ್. ಎರಡು ಸಾಲುಗಳಲ್ಲಿ ಮಾತ್ರ ಕೈ ತಡೆಯಿರಿ. ಒಂದು ಡೌನ್‌ಲೋಡ್ಸ್. ಅದು ನಿಮ್ಮದೇ ಫೋಲ್ಡರ್, ತಾತ್ಕಾಲಿಕವೇನಲ್ಲ. ಅಂಕಪಟ್ಟಿಯ ಸ್ಕ್ಯಾನ್ ಅಲ್ಲೇ ಇರಬಹುದು. ಇನ್ನೊಂದು "ಪ್ರೀವಿಯಸ್ ವಿಂಡೋಸ್ ಇನ್‌ಸ್ಟಾಲೇಶನ್". ದೊಡ್ಡ ಅಪ್‌ಗ್ರೇಡ್ ಆದ ಮೇಲೆ ಹಳೆಯ ವಿಂಡೋಸ್ ಪೂರ್ತಿಯಾಗಿ ಪಕ್ಕದಲ್ಲಿ ಉಳಿದಿರುತ್ತದೆ, ಹತ್ತಿಪ್ಪತ್ತು ಜಿಬಿ ಇರುವುದೂ ಉಂಟು. ಹೊಸದು ಹಿಡಿಸದಿದ್ದರೆ ಹಿಂದಕ್ಕೆ ಹೋಗಲು ಅದು ಬೇಕು. ಹತ್ತು ದಿನ ಕಳೆದರೆ ವಿಂಡೋಸ್ ತಾನೇ ಅದನ್ನು ತೆಗೆಯುತ್ತದೆ. ಅಷ್ಟು ದಿನ ಕಾಯುವ ಸ್ಥಿತಿ ಇಲ್ಲದಿದ್ದರೆ, ಪ್ರಿಂಟರ್ ಸೇರಿ ಎಲ್ಲವೂ ಸರಿಯಾಗಿ ನಡೆಯುತ್ತಿದ್ದರೆ, ಟಿಕ್ ಹಾಕಿ.

ಒನ್‌ಡ್ರೈವ್ ಇದ್ದವರು ಇಲ್ಲಿ ಎಡವುತ್ತಾರೆ. ಒನ್‌ಡ್ರೈವ್ ಫೋಲ್ಡರಿನಿಂದ ಫೈಲನ್ನು ಅಳಿಸಿದರೆ ಮೇಲಿನ ಕ್ಲೌಡ್‌ನಲ್ಲಿರುವ ಪ್ರತಿಯೂ ಹೋಗುತ್ತದೆ. ಜಾಗ ಮಾತ್ರ ಬೇಕಿದ್ದರೆ ಬಲಕ್ಲಿಕ್ ಮಾಡಿ "ಫ್ರೀ ಅಪ್ ಸ್ಪೇಸ್" ಒತ್ತಿ. ಹಸಿರು ಟಿಕ್ ಹೋಗಿ ನೀಲಿ ಮೋಡದ ಗುರುತು ಬರುತ್ತದೆ: ಹೆಸರು ಇಲ್ಲಿ, ಸರಕು ಅಲ್ಲಿ. ಗೊತ್ತಿಲ್ಲದೆ ಅಳಿಸಿಯೇ ಬಿಟ್ಟಿದ್ದರೆ ಬ್ರೌಸರಿನಲ್ಲಿ ಒನ್‌ಡ್ರೈವ್ ತೆರೆದು ಅಲ್ಲಿನ ರಿಸೈಕಲ್ ಬಿನ್ ನೋಡಿ. ವೈಯಕ್ತಿಕ ಖಾತೆಗೆ 30 ದಿನದ ಗಡುವಿದೆ.

ಆಮೇಲೆ ಹೈಬರ್ನೇಶನ್. ಕಂಪ್ಯೂಟರ್ ಗಾಢನಿದ್ದೆಗೆ ಹೋಗುವಾಗ ರ‍್ಯಾಮಿನಲ್ಲಿರುವುದನ್ನು ಬರೆದಿಡಲು ಸಿ ಡ್ರೈವಿನಲ್ಲಿ ಒಂದು ಅಡಗಿದ ಫೈಲ್ ಇರುತ್ತದೆ. ಅದರ ಗಾತ್ರ ಸಾಮಾನ್ಯವಾಗಿ ರ‍್ಯಾಮಿನ ಶೇಕಡ 40. ಅಂದರೆ 16 ಜಿಬಿ ರ‍್ಯಾಮ್ ಇದ್ದರೆ 6 ಜಿಬಿಗೂ ಹೆಚ್ಚು. ಸದಾ ಪ್ಲಗ್‌ಗೆ ಸಿಕ್ಕಿಸಿರುವ ಡೆಸ್ಕ್‌ಟಾಪಿಗೆ ಇದರ ಅಗತ್ಯ ಅಷ್ಟಿಲ್ಲ. ಸ್ಟಾರ್ಟ್ ಮೇಲೆ ಬಲಕ್ಲಿಕ್ ಮಾಡಿ ಟರ್ಮಿನಲ್ ಅನ್ನು ಅಡ್ಮಿನ್ ಆಗಿ ತೆರೆಯಿರಿ. ಇಂಗ್ಲಿಷಿನಲ್ಲಿ ಪವರ್ ಎಂಬ ಪದ ಬರೆದು, ಅದಕ್ಕೆ ಅಂಟಿದ ಹಾಗೆ ಸಿ, ಎಫ್, ಜಿ ಅಕ್ಷರ ಸೇರಿಸಿ; ಒಂದು ಸ್ಪೇಸ್ ಬಿಟ್ಟು ಓರೆಗೆರೆ (/), ಅದಕ್ಕೆ ಅಂಟಿದಂತೆ ಎಚ್; ಮತ್ತೊಂದು ಸ್ಪೇಸ್ ಬಿಟ್ಟು ಆಫ್. ಎಂಟರ್ ಒತ್ತಿದರೆ ಆ ಫೈಲ್ ಮಾಯ. ಇದರ ಜೊತೆ ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತದೆ, ಆನ್ ಆಗುವುದು ಸ್ವಲ್ಪ ತಡವಾಗಬಹುದು. ಲ್ಯಾಪ್‌ಟಾಪ್ ಆದರೆ ಬಿಟ್ಟುಬಿಡಿ. ಬ್ಯಾಟರಿ ತಳ ಮುಟ್ಟಿದಾಗ ತೆರೆದಿದ್ದ ಕೆಲಸವನ್ನು ಉಳಿಸುವುದು ಅದೇ.

ಏನಾದರೂ ಕೆಟ್ಟರೆ ವಿಂಡೋಸನ್ನು ಹಿಂದಿನ ಸ್ಥಿತಿಗೆ ಮರಳಿಸಲು ಇರುವ ರಿಸ್ಟೋರ್ ಪಾಯಿಂಟ್‌ಗಳೂ ಜಾಗ ಹಿಡಿಯುತ್ತವೆ. ಸ್ಟಾರ್ಟ್‌ನಲ್ಲಿ "ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್" ಹುಡುಕಿ, ಕಾನ್ಫಿಗರ್ ಒತ್ತಿದರೆ ಎಷ್ಟು ಶೇಕಡ ಬಳಸಬೇಕೆಂದು ನೀವೇ ಮಿತಿ ಹಾಕಬಹುದು. ಪೂರ್ತಿ ಆಫ್ ಮಾಡಬೇಡಿ.

ಇನ್ನು ಮುಟ್ಟಬಾರದ್ದು. ವಿಜ್‌ಟ್ರೀಯಲ್ಲೋ ಎಕ್ಸ್‌ಪ್ಲೋರರಿನಲ್ಲೋ ವಿಂಡೋಸ್ ಫೋಲ್ಡರಿನೊಳಗೆ "ವಿನ್‌ಎಸ್‌ಎಕ್ಸ್‌ಎಸ್" ಎಂಬ ಫೋಲ್ಡರ್ ಹತ್ತಾರು ಜಿಬಿ ಎಂದು ಕಾಣಿಸಬಹುದು. ಕೈ ತುರಿಸುತ್ತದೆ. ಆದರೆ ಅಲ್ಲಿರುವ ಫೈಲ್‌ಗಳಲ್ಲಿ ಬಹುಪಾಲು ವಿಂಡೋಸಿನ ಬೇರೆ ಫೋಲ್ಡರುಗಳಲ್ಲಿ ಇರುವ ಫೈಲ್‌ಗಳೇ. ಒಂದೇ ಸರಕಿಗೆ ಎರಡು ವಿಳಾಸ. ಎಕ್ಸ್‌ಪ್ಲೋರರ್ ಎರಡು ವಿಳಾಸವನ್ನೂ ಎಣಿಸಿ ಎರಡು ಸಲ ಲೆಕ್ಕ ಹಾಕುತ್ತದೆ. ನಿಜವಾದ ತೂಕ ಅಷ್ಟಿರುವುದಿಲ್ಲ. ಅಲ್ಲಿ ಕೈಯಾರೆ ಅಳಿಸಿದರೆ ಮುಂದಿನ ಅಪ್‌ಡೇಟ್ ಆಗದೇ ಹೋಗಬಹುದು, ಕಂಪ್ಯೂಟರ್ ಆನ್ ಆಗದೆಯೂ ಹೋಗಬಹುದು. ಮೇಲೆ ಹೇಳಿದ ಅಪ್‌ಡೇಟ್ ಕ್ಲೀನಪ್‌ನ ಟಿಕ್ ಅಲ್ಲಿನ ಕಸವನ್ನು ಸರಿಯಾದ ರೀತಿಯಲ್ಲೇ ತೆಗೆಯುತ್ತದೆ. ರ‍್ಯಾಮ್ ಸಾಲದಾದಾಗ ವಿಂಡೋಸ್ ಬಳಸುವ ಪೇಜ್‌ಫೈಲ್ ಕೂಡ ಹಾಗೇ ಇರಲಿ.

ವಿಂಡೋಸಿನ ಸೆಟ್ಟಿಂಗ್‌ಗಳ ದಫ್ತರವಾದ ರಿಜಿಸ್ಟ್ರಿಯನ್ನು ಶುಚಿ ಮಾಡುತ್ತೇವೆ ಎನ್ನುವ "ರಿಜಿಸ್ಟ್ರಿ ಕ್ಲೀನರ್" ಬಗ್ಗೆ ಒಂದೇ ಸಾಲು: ಬೇಡ. ಇಡೀ ರಿಜಿಸ್ಟ್ರಿ ತೆಗೆದರೂ ನಿಮ್ಮ ಅಕ್ಕನ ಮದುವೆ ವಿಡಿಯೊದ ಜಾಗ ಸಿಗುವುದಿಲ್ಲ.

ಸಿ ತುಂಬಿದೆ, ಡಿ ಖಾಲಿ ಇದೆ

ಬಹಳ ಮನೆಗಳಲ್ಲಿ ಒಂದೇ ಡಿಸ್ಕನ್ನು ಎರಡು ಭಾಗ ಮಾಡಿಕೊಟ್ಟಿರುತ್ತಾರೆ. ಸಿ ಉಸಿರು ಕಟ್ಟಿಕೊಂಡು ಕೂತಿರುತ್ತದೆ, ಡಿ ಬಿಕೋ ಎನ್ನುತ್ತಿರುತ್ತದೆ. "ಡಿಯಿಂದ ಸ್ವಲ್ಪ ತೆಗೆದು ಸಿಗೆ ಕೊಡು" ಎಂದು ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಡಿಯನ್ನು ಶ್ರಿಂಕ್ ಮಾಡುತ್ತಾರೆ. ಖಾಲಿ ಜಾಗವೇನೋ ಬರುತ್ತದೆ, ಆದರೆ ಸಿಯ ಮೇಲೆ ಎಕ್ಸ್‌ಟೆಂಡ್ ವಾಲ್ಯೂಮ್ ಮಂಕಾಗಿಯೇ ಇರುತ್ತದೆ. ಕಾರಣ ಸರಳ. ಪಕ್ಕದ ಮನೆಯವರು ಜಾಗ ಬಿಟ್ಟುಕೊಟ್ಟಿದ್ದು ಅವರ ಹಿತ್ತಲಲ್ಲಿ; ನಮಗೆ ಬೇಕಾಗಿದ್ದು ನಮ್ಮ ಗೋಡೆಗೆ ತಾಗಿದ ಜಾಗ. ವಿಂಡೋಸಿನ ಈ ಸಾಧನ ಸಿಗೆ ಬಲಕ್ಕೆ ತಾಗಿರುವ ಖಾಲಿಯನ್ನು ಮಾತ್ರ ಸೇರಿಸಬಲ್ಲದು. ಹಾಗಾಗಬೇಕಾದರೆ ಡಿಯಲ್ಲಿರುವುದನ್ನೆಲ್ಲ ಹೊರಗಿನ ಡಿಸ್ಕಿಗೆ ಸಾಗಿಸಿ, ಡಿಯನ್ನೇ ತೆಗೆದು, ಸಿಯನ್ನು ವಿಸ್ತರಿಸಬೇಕು. ನಡುವೆ ರಿಕವರಿ ಪಾರ್ಟಿಷನ್ ಕೂತಿದ್ದರೆ ಅದೂ ಆಗುವುದಿಲ್ಲ, ಅದನ್ನು ಕಿತ್ತುಹಾಕುವುದೂ ಜಾಣತನವಲ್ಲ.

ಇಷ್ಟು ಸಾಹಸಕ್ಕಿಂತ ಸಾಮಾನನ್ನೇ ಡಿಗೆ ಸಾಗಿಸುವುದು ಲೇಸು:

1. ಡಿ ಡ್ರೈವಿನಲ್ಲಿ "ವಿಡಿಯೊ" ಎಂದು ಹೊಸ ಫೋಲ್ಡರ್ ಮಾಡಿ. ಇದು ಮುಖ್ಯ, ಬರೀ ಡಿ ಡ್ರೈವನ್ನೇ ಗುರಿಯಾಗಿ ಕೊಟ್ಟರೆ ಇಡೀ ಡ್ರೈವೇ ವಿಡಿಯೊಸ್ ಫೋಲ್ಡರ್ ಆಗಿ ಕೂತು ತಲೆನೋವಾಗುತ್ತದೆ.
2. ಎಕ್ಸ್‌ಪ್ಲೋರರಿನಲ್ಲಿ ವಿಡಿಯೊಸ್ ಮೇಲೆ ಬಲಕ್ಲಿಕ್, ಪ್ರಾಪರ್ಟೀಸ್, ಲೊಕೇಶನ್, ಮೂವ್. ಆ ಹೊಸ ಫೋಲ್ಡರನ್ನು ತೋರಿಸಿ.
3. ಹಳೆಯದನ್ನೂ ಸಾಗಿಸಲೇ ಎಂದು ಕೇಳುತ್ತದೆ. ಹೌದು ಎನ್ನಿ, ಮುಗಿಯುವ ತನಕ ಮುಚ್ಚಬೇಡಿ.

ತಂತ್ರಾಂಶಗಳನ್ನು ಮಾತ್ರ ಹೀಗೆ ಸಾಗಿಸಲು ಹೋಗಬೇಡಿ. ಪ್ರೋಗ್ರಾಂ ಫೈಲ್ಸ್ ಅನ್ನು ಕಟ್ ಮಾಡಿ ಡಿಯಲ್ಲಿ ಪೇಸ್ಟ್ ಮಾಡಿದರೆ ಹೆಚ್ಚಿನವು ಓಡುವುದಿಲ್ಲ.

ಕಂಪನಿ ಹಾಕಿಕೊಟ್ಟದ್ದು

ಹೊಸ ಕಂಪ್ಯೂಟರಿನಲ್ಲಿ ಇವೆಲ್ಲ ಯಾಕಿರುತ್ತವೆ? ತಂತ್ರಾಂಶದವರು ಕಂಪ್ಯೂಟರ್ ತಯಾರಕರಿಗೆ ದುಡ್ಡು ಕೊಟ್ಟು ಹಾಕಿಸಿರುತ್ತಾರೆ. ಅವುಗಳಲ್ಲಿ ಹೆಚ್ಚಿನವು ಬರೀ ಕಿರಿಕಿರಿ, ಅಪರೂಪಕ್ಕೆ ಅಪಾಯವೂ ಉಂಟು. ಲೆನೊವೊ ತನ್ನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಹಾಕಿಕೊಟ್ಟಿದ್ದ ಸೂಪರ್‌ಫಿಶ್ ಎಂಬ ಜಾಹೀರಾತು ತಂತ್ರಾಂಶದ ಕಥೆ 2015ರಲ್ಲಿ ದೊಡ್ಡ ಸುದ್ದಿಯಾಯಿತು. ಅದು ತನ್ನದೇ ಪ್ರಮಾಣಪತ್ರವನ್ನು (ತಾಣ ಅಸಲಿ ಎಂದು ನಂಬಿಸುವ ಗುರುತು) ವಿಂಡೋಸಿನೊಳಗೆ ಕೂರಿಸಿ, ಬ್ಯಾಂಕಿನಂಥ ಸುರಕ್ಷಿತ ತಾಣಗಳ ಸಂಪರ್ಕದ ನಡುವೆಯೂ ತಲೆ ಹಾಕುತ್ತಿತ್ತು. ಆ ಪ್ರಮಾಣಪತ್ರದ ಬೀಗದ ಕೈಯನ್ನು ಹೊರಗಿನವರು ಸುಲಭವಾಗಿ ಕಂಡುಹಿಡಿದರು. ತಂತ್ರಾಂಶವನ್ನು ಅನ್‌ಇನ್‌ಸ್ಟಾಲ್ ಮಾಡಿದರೂ ಪ್ರಮಾಣಪತ್ರ ಉಳಿದೇಬಿಡುತ್ತಿತ್ತು. 2017ರಲ್ಲಿ ಕಂಪನಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆ ರಾಜಿ ಮಾಡಿಕೊಂಡಿತು.

ಹಾಗೆಂದು ಕಂಡದ್ದನ್ನೆಲ್ಲ ಕೀಳಬೇಡಿ. ಈ ಪಾಠ ಕಲಿತದ್ದು ನನ್ನದೇ ಲ್ಯಾಪ್‌ಟಾಪಿನಲ್ಲಿ. ಹೆಸರಿನ ಕೊನೆಗೆ "ಯುಟಿಲಿಟಿ" ಎಂದಿದ್ದ ಒಂದು ಸಣ್ಣ ತಂತ್ರಾಂಶವನ್ನು, ಯಾತಕ್ಕೋ ಏನೋ ಎಂದು ತೆಗೆದೆ. ಮರುದಿನ ಬೆಳಕು ಏರಿಸುವ ಕೀ ಸತ್ತುಹೋಗಿತ್ತು, ಟಚ್‌ಪ್ಯಾಡಿನಲ್ಲಿ ಎರಡು ಬೆರಳಿನ ಸ್ಕ್ರಾಲ್ ಇಲ್ಲ. ತಯಾರಕರ ತಾಣದಲ್ಲಿ ಮಾಡೆಲ್ ಸಂಖ್ಯೆ ಹಾಕಿ ಅದನ್ನೇ ಹುಡುಕಿ ವಾಪಸ್ ತರಲು ಅರ್ಧ ದಿನ ಹಿಡಿಯಿತು.

ಅಂದಿನಿಂದ ಹೀಗೆ ಮಾಡುತ್ತೇನೆ. ಸೆಟ್ಟಿಂಗ್ಸ್, ಆ್ಯಪ್ಸ್, ಇನ್‌ಸ್ಟಾಲ್ಡ್ ಆ್ಯಪ್ಸ್. ಮೊದಲು ಗಾತ್ರದ ಪ್ರಕಾರ ಒಂದು ಸಲ, ಆಮೇಲೆ ದಿನಾಂಕದ ಪ್ರಕಾರ ಒಂದು ಸಲ ನೋಡುತ್ತೇನೆ. ಕಣ್ಣಿಗೆ ಮೂರು ಗುಂಪು ಕಾಣುತ್ತದೆ.

ಹೆಸರಿನಲ್ಲಿ ಡ್ರೈವರ್, ಗ್ರಾಫಿಕ್ಸ್, ಆಡಿಯೊ, ಚಿಪ್‌ಸೆಟ್ ಇದ್ದರೆ, ರಿಯಲ್‌ಟೆಕ್, ಇಂಟೆಲ್, ಎಎಂಡಿ, ಎನ್ವಿಡಿಯಾ ಎಂದಿದ್ದರೆ ಅದರ ತಂಟೆಗೆ ಹೋಗುವುದಿಲ್ಲ. "ವಿಶುವಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್" ಎಂದು ಏಳೆಂಟು ಸಾಲು ಇರುತ್ತವೆ, ವರ್ಷ ಮಾತ್ರ ಬೇರೆ. ಒಂದೇ ಹೆಸರು ಇಷ್ಟು ಸಲ ಯಾಕೆ ಎಂದು ಹಳೆಯವನ್ನು ತೆಗೆಯಬೇಡಿ. ಯಾವ ತಂತ್ರಾಂಶ ಯಾವ ವರ್ಷದ್ದನ್ನು ನೆಚ್ಚಿಕೊಂಡಿದೆಯೋ ಗೊತ್ತಾಗುವುದಿಲ್ಲ, ತೆಗೆದರೆ ಉಳಿಯುವುದೂ ಕೆಲವು ಎಂಬಿ ಮಾತ್ರ.

ಎರಡನೆಯದು ಧೈರ್ಯವಾಗಿ ತೆಗೆಯುವ ಗುಂಪು: ಕೆಲವೇ ದಿನಗಳ ಟ್ರಯಲ್‌ಗಳು, ಆಟಗಳು, ಶಾಪಿಂಗ್ ತಾಣಗಳ ಆ್ಯಪ್‌ಗಳು, ವಾರಂಟಿ ಹೆಚ್ಚಿಸಿಕೊಳ್ಳಿ ಎಂದು ಪದೇಪದೇ ಕಾಡುವವು. ಇವುಗಳಲ್ಲಿ ಕೆಲವು ಸ್ಟಾರ್ಟ್ ಮೆನುವಿನ ಬರೀ ಚಿತ್ರಗಳು. ಒತ್ತಿದ ಮೇಲಷ್ಟೇ ಡೌನ್‌ಲೋಡ್ ಆಗುತ್ತವೆ. ಬಲಕ್ಲಿಕ್ ಮಾಡಿ ಅನ್‌ಇನ್‌ಸ್ಟಾಲ್ ಎಂದರೆ ಕ್ಷಣದಲ್ಲಿ ಹೋಗುತ್ತವೆ, ಜಾಗದಲ್ಲಿ ವ್ಯತ್ಯಾಸವೇ ಕಾಣದು. ಅಕ್ಕನ ಹನ್ನೊಂದರಲ್ಲಿ ನಾಲ್ಕು ಹೀಗೇ ಇದ್ದವು.

ಮೂರನೆಯದು ತಯಾರಕರದೇ ಸಹಾಯಕ ತಂತ್ರಾಂಶಗಳು. ಇಲ್ಲಿ ನನ್ನ ನಿಯಮ ಒಂದೇ: ಒಂದು ದಿನಕ್ಕೆ ಒಂದು. ತೆಗೆದು, ರಿಸ್ಟಾರ್ಟ್ ಮಾಡಿ, ಕೀಬೋರ್ಡಿನ ವಿಶೇಷ ಕೀಗಳು, ಟಚ್‌ಪ್ಯಾಡ್, ಧ್ವನಿ, ವೈಫೈ, ಕ್ಯಾಮೆರಾ ಎಲ್ಲವನ್ನೂ ಒಮ್ಮೆ ಮುಟ್ಟಿ ನೋಡುವುದು. ಬಯೋಸ್ (ಕಂಪ್ಯೂಟರನ್ನು ಎಬ್ಬಿಸುವ ಮೂಲ ತಂತ್ರಾಂಶ) ಅಪ್‌ಡೇಟ್ ತರುವ, ಬ್ಯಾಟರಿಯನ್ನು ಶೇಕಡ 80ಕ್ಕೆ ನಿಲ್ಲಿಸುವ ತಂತ್ರಾಂಶ ಇದ್ದರೆ ಅದನ್ನು ಉಳಿಸಿಕೊಳ್ಳುವುದೇ ಒಳ್ಳೆಯದು.

ಟ್ರಯಲ್ ಆ್ಯಂಟಿವೈರಸ್ ತೆಗೆಯುವಾಗ "ರಕ್ಷಣೆ ಹೋಯಿತು" ಎಂದು ಕೆಂಪಕ್ಷರದಲ್ಲಿ ಹೆದರಿಸುತ್ತದೆ. ಹೆದರಬೇಡಿ. ಅದು ಹೋದ ಮೇಲೆ ವಿಂಡೋಸಿನದೇ ಡಿಫೆಂಡರ್ ತಾನಾಗಿ ಕೆಲಸಕ್ಕೆ ಇಳಿಯುತ್ತದೆ. ರಿಸ್ಟಾರ್ಟ್ ಆದ ಮೇಲೆ ವಿಂಡೋಸ್ ಸೆಕ್ಯುರಿಟಿ ತೆರೆದು ಹಸಿರು ಟಿಕ್ ಇದೆಯೇ ನೋಡಿ. ಅನ್‌ಇನ್‌ಸ್ಟಾಲ್ ಆದರೂ ಅದರ ಚೂರುಪಾರು ಉಳಿದು ಕಾಡುತ್ತಿದ್ದರೆ, ಮೆಕಾಫಿ, ನಾರ್ಟನ್ ಮೊದಲಾದವರು ತಮ್ಮದನ್ನು ಬುಡಸಮೇತ ಕೀಳುವ ಸಾಧನವನ್ನು ತಮ್ಮ ತಾಣದಲ್ಲೇ ಕೊಟ್ಟಿದ್ದಾರೆ.

ತೆಗೆಯಲು ಮನಸ್ಸಿಲ್ಲದ, ಆದರೆ ಸದಾ ಓಡುತ್ತಿರಬೇಕಿಲ್ಲದ ತಂತ್ರಾಂಶಗಳಿಗೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರಿನಲ್ಲಿ ಸ್ಟಾರ್ಟಪ್ ಆ್ಯಪ್ಸ್‌ಗೆ ಹೋಗಿ ಡಿಸೇಬಲ್ ಮಾಡಿ. ಅಕ್ಕನ ಲ್ಯಾಪ್‌ಟಾಪ್ ಚುರುಕಾಗಿದ್ದು ಇಲ್ಲಿಂದ.

ಇಷ್ಟೆಲ್ಲ ಮಾಡುವ ವ್ಯವಧಾನ ಇಲ್ಲದಿದ್ದರೆ

ಹೊಸ ಕಂಪ್ಯೂಟರ್ ಆಗಿದ್ದು ನಿಮ್ಮ ಸಾಮಾನು ಇನ್ನೂ ಒಳಗೆ ಸೇರಿಲ್ಲದಿದ್ದರೆ, ಒಂದೊಂದೇ ಕೀಳುವುದಕ್ಕಿಂತ ವಿಂಡೋಸನ್ನೇ ಹೊಸದಾಗಿ ಹಾಕುವುದು ಸಲೀಸು. ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ, ರೀಸೆಟ್ ದಿಸ್ ಪಿಸಿ. ಅಲ್ಲಿ ಕ್ಲೌಡ್ ಡೌನ್‌ಲೋಡ್ ಆರಿಸಿದರೆ ಸುಮಾರು 4 ಜಿಬಿ ಇಳಿಸಿಕೊಂಡು ಮೈಕ್ರೋಸಾಫ್ಟಿನಿಂದಲೇ ಹೊಸ ಪ್ರತಿ ತರುತ್ತದೆ. ಮುಂದಿನ ಪುಟದಲ್ಲಿ ಮೊದಲೇ ಇದ್ದ ಆ್ಯಪ್‌ಗಳನ್ನು ಮರಳಿ ಹಾಕಲೇ ಎಂದು ಕೇಳಿದರೆ ಬೇಡ ಎನ್ನಿ. "ಕೀಪ್ ಮೈ ಫೈಲ್ಸ್" ಎಂದರೂ ಉಳಿಯುವುದು ಫೈಲ್‌ಗಳು ಮಾತ್ರ. ನೀವು ಹಾಕಿಕೊಂಡ ತಂತ್ರಾಂಶಗಳು ಹೋಗುತ್ತವೆ.

ಇದಕ್ಕೆ ಮೊದಲು ಎರಡು ಕೆಲಸ. ತಯಾರಕರ ತಾಣದಿಂದ ವೈಫೈ ಡ್ರೈವರನ್ನು ಒಂದು ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರಿನ ರಿಕವರಿ ಕೀ ಇದೆಯೇ ನೋಡಿ, 48 ಅಂಕಿಯನ್ನೂ ಕಾಗದದಲ್ಲಿ ಬರೆದುಕೊಳ್ಳಿ. ಡಿಸ್ಕಿಗೆ ಬೀಗ ಬಿದ್ದಿದೆ ಎಂಬುದು ಎಷ್ಟೋ ಜನರಿಗೆ ಗೊತ್ತಾಗುವುದೇ ಆ ಕೀ ಕೇಳುವ ನೀಲಿ ತೆರೆ ಎದುರಾದಾಗ.

ಅಕ್ಕನ ಲ್ಯಾಪ್‌ಟಾಪಿಗೆ ರೀಸೆಟ್ ಮಾಡಲಿಲ್ಲ. ಮೂರು ಫೋಲ್ಡರನ್ನು ಒಂದು ಮಾಡಿದೆವು, ಅವಳೇ ಕೂತು ನೋಡಿ ನೋಡಿ. ಕಸವನ್ನು ತಾನಾಗಿ ತೆಗೆಯುವ ಸ್ಟೋರೇಜ್ ಸೆನ್ಸ್ ಆನ್ ಮಾಡಿ, ರಿಸೈಕಲ್ ಬಿನ್‌ಗೆ 30 ದಿನ ಇಟ್ಟು, ಡೌನ್‌ಲೋಡ್ಸ್‌ಗೆ "ನೆವರ್" ಎಂದೇ ಬಿಟ್ಟೆ. "ಅಲ್ವೋ, ಕಂಪನಿಯೋರದ್ದಲ್ವಾ ತಪ್ಪು?" ಅಂದಳು. ಪಟ್ಟಿ ನೀಲಿಯಾಗಿತ್ತು.